ರಸ್ತೆ ಬಿಟ್ಟು ಗಾಡಿ ಓಡಿಸಿದ್ದು

ಗುಡ್ಡ, ಹಳ್ಳ, ಬಂಡೆಗಳ ಮೇಲೆ ಬೈಕ್ ರೇಸ್ ಓಡಿಸುವವರಿಗೆ ಪೆಟ್ಟು ಎರಡು ಕಡೆಯಿಂದ ಬೀಳುತ್ತದೆ. ಒಂದು ನೆಲದಿಂದ, ಇನ್ನೊಂದು ನೋಡುವವರ ಬಾಯಿಂದ. ನೆಲದ ಪೆಟ್ಟಿಗೆ ಮುಲಾಮು ಇದೆ. ಬಾಯಿಯದನ್ನು ಮಾತ್ರ ಹೀಗೆ ನಾಲ್ಕು ಜನಕ್ಕೆ ಹೇಳಿಯೇ ವಾಸಿ ಮಾಡಿಕೊಳ್ಳಬೇಕು.

ನಾನು ರಾಜಾಜಿನಗರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ವಯಸ್ಸು ನಲವತ್ತು ದಾಟಿದೆ. ಬಸವೇಶ್ವರನಗರದ ಮನೆಯಲ್ಲಿ ಗಂಡ, ಅತ್ತೆ, ನಾನು. ಒಂದು ಭಾನುವಾರ ಗೆಳತಿಯೊಬ್ಬಳು ಕೆಂಗೇರಿ ಆಚೆಯ ಮಣ್ಣಿನ ಮೈದಾನಕ್ಕೆ ಕರೆದುಕೊಂಡು ಹೋಗಿ ಇಂಥ ಬೈಕ್ ಮೇಲೆ ಕೂರಿಸಿದಳು. ಮೊದಲ ತಿರುವಿನಲ್ಲೇ ಬಿದ್ದೆ. ಆದರೆ ಅಲ್ಲಿಯವರೆಗೆ ಹೋದ ಆ ಸ್ವಲ್ಪ ದೂರ ನನ್ನ ತಲೆಯಲ್ಲಿ ಪೋರ್ಷನ್ ಮುಗಿಸುವ ಚಿಂತೆ ಇರಲಿಲ್ಲ, ಸಿಲಿಂಡರ್ ಖಾಲಿಯಾದ ಚಿಂತೆಯೂ ಇರಲಿಲ್ಲ. ಮುಂದಿನ ಚಕ್ರ ಎಲ್ಲಿಡೋದು ಅನ್ನೋದೊಂದೇ. ಅಷ್ಟು ಖಾಲಿ ತಲೆ ಮದುವೆಯಾದ ಮೇಲೆ ನನಗೆ ಸಿಕ್ಕಿರಲಿಲ್ಲ. ಹಾಗಾಗಿ ಮತ್ತೆ ಹೋದೆ.

ಈ ರೇಸಿನಲ್ಲಿ ವೇಗಕ್ಕಿಂತ ತಾಳ್ಮೆ ಮುಖ್ಯ. ಕುರುಚಲು ಕಾಡಿನ ಗುಡ್ಡಗಳಲ್ಲಿ ಬಾಣದ ಗುರುತು ನೋಡಿಕೊಂಡು ದಿನವೆಲ್ಲ ಓಡಿಸಬೇಕು. ಗಡುವಿನೊಳಗೆ ಮುಗಿಸಿದರೆ ಅದೇ ದೊಡ್ಡದು. ಹಿಂದಿನ ಸಲ ನಾನು ಹಳ್ಳದಲ್ಲಿ ಹೂತುಹೋಗಿ, ಯಾರದೋ ಟ್ರ್ಯಾಕ್ಟರಿನಲ್ಲಿ ವಾಪಸ್ ಬಂದಿದ್ದೆ. ಈ ಸಲ ಕೊನೇ ಗೆರೆ ದಾಟಲೇಬೇಕು ಅಂತ ಹಟ ಹಿಡಿದೆ.

ವಾಕಿಂಗ್‌ನವರು

ಅಭ್ಯಾಸಕ್ಕೆ ಶ್ರೀಗಂಧದ ಕಾವಲ್ ಹತ್ತಿರ ಒಂದು ಖಾಲಿ ಜಾಗ ಹುಡುಕಿಕೊಂಡೆ. ಯಾರೋ ಪಾಯ ತೋಡಿದ ಮಣ್ಣನ್ನು ತಂದು ಗುಡ್ಡೆ ಹಾಕಿದ್ದರು. ಮೊದಲ ದಿನವೇ ಗುಡ್ಡೆಯ ತುದಿಯಿಂದ ಬೈಕ್ ಸಮೇತ ಜಾರಿದೆ. ವಾಕಿಂಗ್ ಬಂದಿದ್ದ ಹಿರಿಯರೊಬ್ಬರು ಓಡಿ ಬಂದರು.

"ಏನಮ್ಮಾ, ದಾರಿ ತಪ್ಪಿತಾ? ರೋಡು ಆ ಕಡೆ ಇದೆ."

"ಇಲ್ಲ ಸಾರ್, ಬೇಕು ಅಂತಲೇ ಇಲ್ಲಿ ಓಡಿಸ್ತಾ ಇದೀನಿ."

ಅವರು ಗುಡ್ಡೆ ನೋಡಿದರು, ನನ್ನನ್ನು ನೋಡಿದರು. "ಮನೇಲಿ ಎಲ್ಲ ಚೆನ್ನಾಗಿದಾರಾ?" ಅಂತ ಮೆಲ್ಲಗೆ ಕೇಳಿ ಹೊರಟುಹೋದರು.

ಮುಂದಿನ ಭಾನುವಾರ ಅವರ ಜೊತೆ ವಾಕಿಂಗ್ ಗೆಳೆಯರ ಇಡೀ ತಂಡವೇ ಬಂದಿತ್ತು. ಕಲ್ಲಿನ ಕಟ್ಟೆ ಮೇಲೆ ಸಾಲಾಗಿ ಕೂತು ನೋಡಿದರು. ಆ ದಿನ ನನ್ನ ಅದೃಷ್ಟ, ಒಂದು ಸಲವೂ ಬೀಳಲಿಲ್ಲ. ಹೆಮ್ಮೆಯಿಂದ ಹೆಲ್ಮೆಟ್ ತೆಗೆದೆ. ಅವರಲ್ಲೊಬ್ಬರು ಪಂಚೆ ಕೊಡವಿಕೊಂಡು ಎದ್ದು, ಕರೆತಂದ ಹಿರಿಯರಿಗೆ ಹೇಳಿದರು:

"ಏನ್ರೀ, ಬೀಳ್ತಾರೆ ಅಂತ ಹೇಳಿ ಕರ್ಕೊಂಡ್ ಬಂದ್ರಿ!"

ಡಾಕ್ಟರ ಅನುಮತಿ

ರೇಸು ಭಾನುವಾರ. ಅದನ್ನು ನಡೆಸುವವರು ಆರೋಗ್ಯ ಸರಿ ಇದೆ ಅಂತ ಡಾಕ್ಟರ ಸಹಿ ಕೇಳಿದರು. ಮಾರೇನಹಳ್ಳಿಯಲ್ಲಿರುವ ನಮ್ಮ ಮಾಮೂಲಿ ಡಾಕ್ಟರ ಹತ್ತಿರ ಹೋದೆ. ನನ್ನ ಮಂಡಿನೋವಿಗೆ ಔಷಧಿ ಕೊಡುತ್ತಿದ್ದವರೂ ಅವರೇ.

ಮಂಡಿ ಒತ್ತಿ ನೋಡುತ್ತಾ, "ನಾನು ಹೇಳಿದ್ದು ನೆನಪಿದೆಯಾ? ಮೆಟ್ಟಿಲು ಹತ್ತಬೇಡಿ ಅಂದಿದ್ದೆ" ಅಂದರು.

"ಹತ್ತಿಲ್ಲ ಡಾಕ್ಟ್ರೇ. ಅಲ್ಲಿ ಮೆಟ್ಟಿಲೇ ಇಲ್ಲ, ಬರೀ ಬಂಡೆ."

ಅವರು ಪೆನ್ನು ಕೆಳಗಿಟ್ಟರು. ಆಮೇಲೆ ಬಿಪಿ ನೋಡಿದರು, ಎದೆ ಪರೀಕ್ಷಿಸಿದರು, ಮಂಡಿಗೆ ಪಟ್ಟಿ ಕಟ್ಟುವುದು ಹೇಗೆಂದು ಎರಡು ಸಲ ಕಲಿಸಿದರು. ಕೊನೆಗೆ ಸಹಿ ಹಾಕುತ್ತಾ ಗಂಭೀರವಾಗಿ ಹೇಳಿದರು:

"ಸೋಮವಾರ ಬೆಳಿಗ್ಗೆ ಬೇರೆ ಪೇಷೆಂಟ್ ಇಟ್ಕೊಳಲ್ಲ. ಬನ್ನಿ."

ಅತ್ತೆಯ ಯೋಗ ಶಿಬಿರ

ಭಾನುವಾರ ಎಲ್ಲಿಗೆ ಹೋಗ್ತಾಳೆ ಅಂತ ಬೀದಿಯವರು ಕೇಳಿದರೆ ನಮ್ಮ ಅತ್ತೆ "ಯೋಗ ಶಿಬಿರ" ಅಂದುಬಿಡುತ್ತಿದ್ದರು. ನನ್ನ ಹತ್ತಿರ ಮಾತ್ರ, "ಬೀಳೋದಕ್ಕೆ ಅಷ್ಟು ದೂರ ಯಾಕಮ್ಮ? ನಮ್ಮ ಕ್ರಾಸ್‌ನಲ್ಲೇ ಬೇಕಾದಷ್ಟು ಗುಂಡಿ ಇದೆಯಲ್ಲ" ಅನ್ನುತ್ತಿದ್ದರು. ಅವರದು ಕೋಪವೋ ಭಯವೋ ನನಗೆ ಗೊತ್ತಾಗುತ್ತಿರಲಿಲ್ಲ. ಆದರೆ ನಾನು ಬರುವ ತನಕ ಗೇಟಿನ ಚಿಲಕ ಹಾಕುತ್ತಿರಲಿಲ್ಲ ಅನ್ನೋದನ್ನು ಗಮನಿಸಿದ್ದೆ.

ಒಂದು ಭಾನುವಾರ ಮೈಯೆಲ್ಲ ಕೆಸರು, ಗಲ್ಲ ಊದಿಕೊಂಡು, ಕುಂಟುತ್ತಾ ಬಂದೆ. ಎದುರುಮನೆ ಆಂಟಿ ರಂಗೋಲಿ ಡಬ್ಬಿ ಹಿಡಿದುಕೊಂಡೇ ಹತ್ತಿರ ಬಂದು, ಯಾರಿಗೂ ಕೇಳಿಸದ ಹಾಗೆ ಕೇಳಿದರು:

"ನಿಜ ಹೇಳಮ್ಮ, ಉಸಿರು ಸರಿಯಾಗಿ ಬಿಡ್ಲಿಲ್ಲ ಅಂದ್ರೆ ಆ ಗುರುಗಳು ಹೊಡೀತಾರಾ?"

ಲಿಫ್ಟ್ ಇಲ್ಲದ ಗುಡ್ಡ

ರೇಸಿನ ದಿನ ಮಧ್ಯಾಹ್ನದ ಹೊತ್ತಿಗೆ ನನ್ನ ಹಿಂದೆ ಯಾರೂ ಇರಲಿಲ್ಲ. ಮುಂದೆ ಕಣ್ಣಿಗೆ ಕಾಣುತ್ತಿದ್ದವನು ಒಬ್ಬನೇ, ಬ್ಯಾಡರಹಳ್ಳಿಯಲ್ಲಿ ರೂಮು ಮಾಡಿಕೊಂಡಿರುವ ಹಾವೇರಿ ಕಡೆಯ ಯುವಕ. ವಾರವೆಲ್ಲ ಮನೆಮನೆಗೆ ಊಟ ತಲುಪಿಸುವ ಅದೇ ಬೈಕಿನ ಬ್ಯಾಗು ಬಿಚ್ಚಿಟ್ಟು, ಟೈರು ಬದಲಿಸಿಕೊಂಡು ರೇಸಿಗೆ ಬಂದಿದ್ದ. ಬೆಳಿಗ್ಗೆ ಸಾಲಿನಲ್ಲಿ ನಿಂತಾಗ ಪರಿಚಯವಾಗಿತ್ತು.

ಕಡಿದಾದ ಒಂದು ಇಳಿಜಾರಿನಲ್ಲಿ ನೋಡಿದರೆ ಬೈಕ್ ಅಡ್ಡ ಬಿದ್ದಿದೆ, ಅದರಡಿ ಅವನ ಕಾಲು. ನನ್ನನ್ನು ನೋಡಿದ ಕೂಡಲೇ ಕೂಗಿದ:

"ನೀವ್ ಹೋಗ್ರಿ ಅಕ್ಕಾರ! ಟೈಮ್ ಆಗ್ತೈತಿ!"

ಗಡುವು ಹತ್ತಿರವಾಗಿತ್ತು ನಿಜ. ನಿಂತರೆ ಮತ್ತೆ ಟ್ರ್ಯಾಕ್ಟರೇ ಗತಿ ಅಂತ ಒಂದು ಕ್ಷಣ ಮನಸ್ಸಿಗೆ ಬಂತು. ಆದರೆ ಖಾಲಿ ತಲೆ ಬೇಕು ಅಂತ ಗುಡ್ಡಕ್ಕೆ ಬಂದವಳು ನಾನು. ಅವನನ್ನು ಅಲ್ಲೇ ಬಿಟ್ಟು ಹೋದರೆ ಆ ತಲೆ ಇನ್ನು ಯಾವತ್ತೂ ಖಾಲಿಯಾಗುವುದಿಲ್ಲ ಅನ್ನಿಸಿತು. ಬೈಕ್ ನಿಲ್ಲಿಸಿ ಇಳಿದೆ.

ಇಬ್ಬರೂ ಸೇರಿ ಗಾಡಿ ಎತ್ತಿದೆವು. ದಪ್ಪ ಬೂಟು ಅವನ ಕಾಲನ್ನು ಉಳಿಸಿತ್ತು, ತರಚಿತ್ತು ಅಷ್ಟೆ. ಬಂಡೆಗೆ ಒರಗಿ ನೀರು ಕುಡಿದೆವು. ನಾನು ಇಳಿದು ಬಂದ ಜಾಗವನ್ನೇ ತಿರುಗಿ ತಿರುಗಿ ನೋಡುತ್ತಿದ್ದೆ. ಅವನು ಆರಾಮಾಗಿ ಮುಂದಿನ ಏರು ನೋಡುತ್ತಿದ್ದ.

"ನಿನಗೆ ಭಯ ಆಗಲ್ವೇನಪ್ಪ?" ಅಂದೆ.

"ಇಲ್ಲಿ ಏನ್ ಭಯ ಬಿಡ್ರಿ ಅಕ್ಕಾರ. ಲಿಫ್ಟ್ ಇಲ್ಲ ಅಂತ ನೋಡಿದ್ ಕೂಡ್ಲೇ ಗೊತ್ತಾಗ್ತೈತಿ. ಬೆಂಗಳೂರಾಗ ಐದನೇ ಮಾಳಿಗಿ ಆರ್ಡರ್ ತಗೊಂಡ್ ಹೋದ್ಮ್ಯಾಗ ಹೇಳ್ತಾರ್ರೀ!"

ಕೊನೆಯವರು

ಬೆಳಿಗ್ಗೆ ಗಂಡ ನನ್ನ ಬೈಕನ್ನು ಗೂಡ್ಸ್ ಗಾಡಿಯಲ್ಲಿ ರೇಸಿನ ಜಾಗಕ್ಕೆ ತಂದಿದ್ದರು. "ಏನಾದ್ರೂ ಆದ್ರೆ ದೊಡ್ಡವರು ಅಂತ ಒಬ್ಬರು ಇರಬೇಕಲ್ಲ" ಅಂತ ಅತ್ತೆಯೂ ಮುಂದಿನ ಸೀಟಿನಲ್ಲಿ ಕೂತು ಬಂದಿದ್ದರು.

ಬಿಸಿಲು ಇಳಿಯುವ ಹೊತ್ತಿಗೆ ನಾವಿಬ್ಬರೂ ಕೊನೇ ದಿಬ್ಬ ಇಳಿದೆವು. ಮೈದಾನ ಖಾಲಿ. ಶಾಮಿಯಾನ ಮಡಚಿ ಆಗಿತ್ತು, ಮೈಕ್ ಸುಮ್ಮನಾಗಿತ್ತು. ಮುಗಿಸುವ ಗೆರೆಯ ಮೇಲಿನ ಬಟ್ಟೆ ಕಮಾನು ಮಾತ್ರ ಇನ್ನೂ ನಿಂತಿತ್ತು. ಅದರ ನಟ್ಟನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಸೆರಗು ತಲೆ ಮೇಲೆ ಹೊದ್ದು, ನಮ್ಮ ಅತ್ತೆ ಕೂತಿದ್ದರು. ಸುತ್ತಲೂ ರೇಸ್ ನಡೆಸುವ ಹುಡುಗರು ಕೈಕಟ್ಟಿ ನಿಂತಿದ್ದರು.

ಅತ್ತೆ ಎದ್ದು ಕುರ್ಚಿ ಪಕ್ಕಕ್ಕೆ ಎಳೆದುಕೊಂಡರು. ನಾವು ಗೆರೆ ದಾಟಿದೆವು. ಹಾವೇರಿಯ ಹುಡುಗ ಎರಡೂ ಕೈ ಮೇಲೆತ್ತಿ ಕೂಗಿದ. ನನಗೆ ಕೂಗಲು ಉಸಿರಿರಲಿಲ್ಲ. ಹೆಲ್ಮೆಟ್ ಒಳಗೇ ಅತ್ತುಬಿಟ್ಟೆ.

"ಮೇಡಂ, ಇನ್ಯಾರೂ ಬರಲ್ಲ ಅಂದ್ಕೊಂಡು ಕಮಾನು ಬಿಚ್ಚೋಕೆ ಹೋದ್ವಿ" ಅಂದ ಒಬ್ಬ ಹುಡುಗ. "'ಟೈಮ್ ಮುಗಿದಿದೆಯಾ? ಇಲ್ಲ ತಾನೆ? ಹಾಗಾದ್ರೆ ನಿಂತ್ಕೋ' ಅಂದ್ರು ಅಜ್ಜಿ. ಗಡಿಯಾರ ನೋಡಿದ್ರೆ ನಿಜವಾಗ್ಲೂ ಮುಗಿದಿರಲಿಲ್ಲ."

ಅತ್ತೆ ನನ್ನ ಮುಖದ ಮಣ್ಣನ್ನು ಸೆರಗಿನಿಂದ ಒರೆಸಿದರು. ಹುಡುಗನಿಗೂ ಒರೆಸಿದರು. ಡಬ್ಬಿಯಲ್ಲಿದ್ದ ಚಿತ್ರಾನ್ನವನ್ನು ಇಬ್ಬರಿಗೂ ತಿನ್ನಿಸಿದರು.

ವಾಪಸ್ ಬರುತ್ತಾ ಮಾಗಡಿ ರಸ್ತೆಯ ಒಂದು ಟೀ ಅಂಗಡಿಯಲ್ಲಿ ನಿಲ್ಲಿಸಿದೆವು. ಗಾಡಿಯಲ್ಲಿದ್ದ ಕೆಸರು ಬೈಕನ್ನೂ, ಅದಕ್ಕಿಂತ ಕೆಸರಾಗಿದ್ದ ನನ್ನನ್ನೂ ನೋಡಿ ಅಂಗಡಿಯವರು ಕೇಳಿದರು, "ರೇಸಾ ಮೇಡಂ? ಎಷ್ಟನೇ ಪ್ಲೇಸ್ ಬಂತು?"

ಕೊನೇದು ಅನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಟೀ ಲೋಟ ಕೆಳಗಿಟ್ಟು ಮುಂದೆ ಬಂದರು.

"ಅಯ್ಯೋ, ಮಿಕ್ಕವರೆಲ್ಲ ಮಧ್ಯಾಹ್ನಕ್ಕೇ ಸುಸ್ತಾಗಿ ನಿಲ್ಲಿಸಿಬಿಟ್ರಪ್ಪ. ಸಾಯಂಕಾಲದ ತನಕ ಓಡಿಸಿದ್ದು ನಮ್ಮ ಸೊಸೆ ಒಬ್ಬಳೇ!"