ಫ್ರೆಂಚ್ ಹಾರ್ನಿನೊಳಗೆ ನನ್ನ ಬಲಗೈ

ನಮ್ಮ ಬಲಗೈಯಷ್ಟು ಅಧಿಕಪ್ರಸಂಗಿ ಅಂಗ ಇನ್ನೊಂದಿಲ್ಲ. ಫೋನಿನಲ್ಲಿ ಯಾರಿಗಾದರೂ ದಾರಿ ಹೇಳುವಾಗ, ಆ ಕಡೆಯವರಿಗೆ ಕಾಣುವುದಿಲ್ಲವೆಂದು ಗೊತ್ತಿದ್ದೂ, ಎಡಕ್ಕೆ ಬಲಕ್ಕೆ ತೋರಿಸುತ್ತಲೇ ಇರುತ್ತದೆ. ಇಂಥ ಕೈಯನ್ನು ಒಂದೇ ಕಡೆ ಸುಮ್ಮನೆ ಕೂರಿಸಬೇಕಾದ ವಾದ್ಯವೊಂದನ್ನು ನಾನು ನಲವತ್ತು ದಾಟಿದ ಮೇಲೆ ಕಲಿಯಲು ಹೋದೆ.

ಸೈನ್ಯದ ಬ್ಯಾಂಡಿನಲ್ಲಿ ಫ್ರೆಂಚ್ ಹಾರ್ನ್ ಊದುತ್ತಿದ್ದ ನಮ್ಮಣ್ಣ ನಿವೃತ್ತನಾಗಿ ದಿಗ್ಗೇವಾಡಿಗೆ ಮರಳುವಾಗ ಹಳೆಯದೊಂದನ್ನು ಕೊಂಡು ತಂದಿದ್ದ. ಜಿಲೇಬಿಯ ಹಾಗೆ ಸುತ್ತಿಕೊಂಡ ಹಿತ್ತಾಳೆಯ ಕೊಳವೆ. ಕೊನೆಗೆ ಊಟದ ತಾಟಿನಷ್ಟು ಅಗಲದ ಬಾಯಿ. ಕೀಲಿ ಒತ್ತುವ ಕೆಲಸವೆಲ್ಲ ಎಡಗೈಗೆ. ಬಲಗೈ ಆ ಬಾಯಿಯೊಳಗೆ ಹೋಗಿ ಕೂತಿರಬೇಕು. ಅಂಕಲಿಯಿಂದ ತವರಿಗೆ ಹೋದಾಗಲೆಲ್ಲ ಅದನ್ನು ಆಸೆಯಿಂದ ನೋಡುತ್ತಿದ್ದ ನನ್ನನ್ನು ಅಣ್ಣನೇ ಕೂರಿಸಿಕೊಂಡು ಕಲಿಸತೊಡಗಿದ. ರೊಟ್ಟಿ ಬಡಿದು ಬಡಿದು ಚಪ್ಪಟೆಯಾಗಿಯೇ ಚಾಚುವ ನನ್ನ ಕೈ ಮುಚ್ಚಳದ ಹಾಗೆ ಒಳಗೆ ಕೂತಿತು. ನೆಗಡಿಯಾದವರು ಕಂಬಳಿಯೊಳಗಿಂದ ನರಳಿದಂಥ ದನಿ ಬಂತು.

"ಬಾಗಲಾ ಯಾಕ ಹಾಕ್ತಿ ಬೇ?" ಎಂದ ಅಣ್ಣ. "ತೀರ್ಥಾ ತಗೊಳಾಕ ಕೈ ಹೆಂಗ ಬಗ್ಗಸ್ತಿ, ಹಂಗ ಬಗ್ಗಸು. ಬೆರಳಿನ ಬೆನ್ನ ಒಳಗೋಡಿಗಿ ಹತ್ತಲಿ. ಗಾಳಿಗಿ ಹಾದಿ ಬಿಡು."

ಹಾಗೆ ಮಾಡಿದ್ದೇ ತಡ, ದನಿ ತುಪ್ಪದಂತೆ ಇಳಿಯಿತು. ನನಗೇ ನಂಬಿಕೆ ಬರಲಿಲ್ಲ.

ಅಣ್ಣನ ಮಗಳು ಪೂಜಾಳ ಮದುವೆ ಗೊತ್ತಾಯಿತು. "ಆತ್ಯಾ, ನನಗ ಸೀರಿ ಬ್ಯಾಡ. ಬೀಗರು ಬರೋ ಮುಂದ ಅಜ್ಜಿ ಹಾಡತಿದ್ದ ಸೋಬಾನ ಪದಾ ಊದು," ಎಂದಳು. ಅಣ್ಣ ಬಾಗಿಲಲ್ಲಿ ನಿಂತು ಬೀಗರನ್ನು ಬರಮಾಡಿಕೊಳ್ಳಬೇಕು, ಊದಲಾರ. ನಮ್ಮವ್ವನ ಹಾಡನ್ನು ನಾನು ಕೆಡಿಸಿದರೆ ಆ ಹುಡುಗಿಗೆ ಜನ್ಮಪೂರ್ತಿ ಅದೇ ನೆನಪು. ಹೆದರಿ ಹೆದರಿ ಒಪ್ಪಿದೆ.

ಮದುವೆಯ ದಿನ ಬೇಡಕಿಹಾಳದ ಬೀಗರ ಗಾಡಿಗಳು ಬಂದು ನಿಂತವು. ನಾನು ರೇಷ್ಮೆ ಸೀರೆಯುಟ್ಟು ಕುರ್ಚಿಯ ಮೇಲೆ ಕೂತು ಊದತೊಡಗಿದೆ. ಮೊದಲ ಸಾಲು ಚೆನ್ನಾಗಿಯೇ ಹೋಯಿತು. ಅಷ್ಟರಲ್ಲಿ ರಾಯಬಾಗದಲ್ಲಿ ನನ್ನ ಮೈದುನನ ಮನೆಯಲ್ಲಿದ್ದ ಅತ್ತೆ ಮಂಟಪದೊಳಗೆ ಬಂದರು. ಸೊಸೆ ಊದುವುದನ್ನು ಅವರು ಎಂದೂ ಕಂಡಿರಲಿಲ್ಲ.

"ಅಯ್ಯ ನನ್ನವ್ವ! ನಮ್ಮ ಸೊಸಿ ಕೈ ಒಳಗ ಸಿಕ್ಕೊಂಡೈತಿ! ಯಾರರ ಎಣ್ಣಿ ತರ್ರಿ!"

ಹಾಗೆನ್ನುತ್ತಲೇ ನನ್ನ ಮಣಿಕಟ್ಟು ಹಿಡಿದು ಹೊರಕ್ಕೆ ಎಳೆದರು. ನಾನಿನ್ನೂ ಊದುತ್ತಲೇ ಇದ್ದೆ. ತಡೆಯಿಲ್ಲದ ಹಾರ್ನಿನ ಬಾಯಿಯಿಂದ ದನಿ ಏರಿ, ಒರಟಾಗಿ ಸಿಡಿಯಿತು. ಹಿಂದಿನಿಂದ ಯಾವುದೋ ಲಾರಿ ಬಂತೆಂದು ಬೀಗರ ಡ್ರೈವರ್ ಗಾಡಿಯನ್ನು ಬದಿಗೆ ಸರಿಸಿದ.

ಅಣ್ಣ ಓಡಿ ಬಂದ. "ಅವ್ವಾರ, ಅದು ಸಿಕ್ಕಿಲ್ರಿ! ಕೈ ಅಲ್ಲೇ ಇರಬೇಕ್ರಿ. ಒಳಗಿದ್ರ ಹಾಡು, ಹೊರಗ ಬಂದ್ರ ಒದರಾಟ!"

"ಮೊದ್ಲ ಹೇಳಬಾರದೇನು?" ಎಂದ ಅತ್ತೆ, ನನ್ನ ಕೈಯನ್ನು ಮಣಿಕಟ್ಟಿನವರೆಗೆ ಒಳಕ್ಕೆ ತುರುಕಿಬಿಟ್ಟರು. ಈಗ ಗಾಳಿಗೆ ಹಾದಿಯೇ ಇಲ್ಲ. ದನಿ ಅರ್ಧ ಸ್ವರ ಮೇಲಕ್ಕೆ ಹಾರಿ, ಡಬ್ಬಿಯಲ್ಲಿ ಸಿಕ್ಕ ಜೀರುಂಡೆಯಂತೆ ಗುಂಯ್‌ಗುಟ್ಟಿತು. ಬೆಳಗಿನಿಂದ ಮುಖ ಬಿಗಿದು ಕೂತಿದ್ದ ಪೂಜಾ ಬಾಸಿಂಗ ಅಲ್ಲಾಡುವಂತೆ ನಕ್ಕಳು. ಅವಳ ನಗು ನೋಡಿ ಬೀಗರೂ ನಕ್ಕರು.

"ಒಂದೀಟ ಹಿಂದಕ, ಅವ್ವಾರ," ಎಂದ ಅಣ್ಣ. ಅತ್ತೆ ಎಳೆದರು. "ಇನ್ನೊಂದೀಟ."

ದನಿ ದುಂಡಗೆ, ತುಂಬಿಕೊಂಡು ಹೊರಬಂತು. ಹಾಡು ಮುಗಿಯುವವರೆಗೂ ಅತ್ತೆ ನನ್ನ ಮಣಿಕಟ್ಟು ಬಿಡಲಿಲ್ಲ. ಅಣ್ಣ ಬೀಗರಿಗೆ ಕೈ ಮುಗಿಯುವುದನ್ನೂ ಮರೆತು, ಕಣ್ಣು ತುಂಬಿಕೊಂಡು, ನಮ್ಮತ್ತಲೇ ನೋಡುತ್ತ ನಿಂತಿದ್ದ.

"ಊದಿದಾಕಿ ಅಕಿ, ಹದಾ ಹಿಡದಾಕಿ ನಾ," ಎಂದು ಅತ್ತೆ ಊಟದ ಪಂಕ್ತಿಯುದ್ದಕ್ಕೂ ಹೇಳಿಕೊಂಡು ಬಂದರು. ಹಾಗೇ ನಮ್ಮ ಜೊತೆ ಅಂಕಲಿಗೂ ಬಂದರು.

ಮೊನ್ನೆ ಕಾಗವಾಡದಿಂದ ಬೀಗರ ಕಡೆಯವರೊಬ್ಬರ ಫೋನು. "ಹಾರ್ನ್ ಬಾರಸೋ ಅವ್ವಾರ ಮನಿ ಅಲ್ರಿ? ನಮ್ಮ ಮಗನ ಮದವಿ ಐತ್ರಿ."

ನಾನು ಉಬ್ಬಿ ಹೋಗಿ, "ಹೌದ್ರಿ, ನಾನ ಮಾತಾಡೋದು," ಎಂದೆ.

"ನೀವಲ್ರಿ, ವಯಸ್ಸಾದವರು! ಅವರ ಕೈಯಾಗ ಭಾಳ ಹದಾ ಐತ್ರಿ. ಬಾಜೂಕ ಊದಾಕ ಒಬ್ರು ಕೂತಿದ್ರಲ್ರಿ, ಅವರೂ ಬಂದ್ರ ಛಲೋ."

ನಾನು ಫೋನನ್ನು ಅತ್ತೆಯ ಕೈಗೆ ಕೊಟ್ಟೆ.