ಒಂದು ‘ರ’ ಒತ್ತು ಕಡಿಮೆ

ತೊಂದರೆ ಶುರುವಾದದ್ದು ಹೊಸ ಅಕ್ಷರಗಳಿಂದ. ವಿಜಾಪುರದ ಸ್ಟೇಷನ್ ರಸ್ತೆಯಲ್ಲಿದ್ದ ಈರಯ್ಯನವರ ಪ್ರೆಸ್ಸಿಗೆ ಆ ಮುಂಜಾನೆ ಮೈಸೂರು ಕಡೆಯಿಂದ ಸೀಸದ ಅಚ್ಚುಮೊಳೆಗಳ ಪೆಟ್ಟಿಗೆ ಬಂದಿತ್ತು. ಸವೆದ ಹಳೆಯ ಮೊಳೆಗಳನ್ನು ಅವರು ಹಿಂದಿನ ದಿನವೇ ಕರಗಿಸಲು ಕಳಿಸಿದ್ದರು. ಮೊಳೆ ಜೋಡಿಸುವ ಶಿವಯೋಗೆಪ್ಪ ಹೊಸವನ್ನು ಒಂದೊಂದಾಗಿ ಖಾನೆಗಳಿಗೆ ತುಂಬಿ ಮುಗಿಸುವಷ್ಟರಲ್ಲಿ ಬಬಲೇಶ್ವರದ ಮಲಕಾಜಪ್ಪನವರು ಬಂದರು. ತಾಯಿಯ ವರ್ಷದ ತಿಥಿಗೆ ಕಾರ್ಡು ಆಗಬೇಕಿತ್ತು, ಅದೂ ಅವತ್ತೇ.

“ನಮ್ಮವ್ವ ಆಕಳ ಕರಕ್ಕೂ ರಿ ಹಚ್ಚಿ ಮಾತಾಡಾಕಿ. ಪುಸ್ತಕದ ಭಾಷಾ ಬ್ಯಾಡ್ರಿ. ಆಕೀನ ಕರದಂಗ ಇರಲಿ,” ಎಂದು ಈರಯ್ಯನವರಿಗೆ ಹೇಳಿ, ಬರೆದು ತಂದ ಚೀಟಿ ಕೊಟ್ಟು ಸಂತೆಗೆ ಹೋದರು.

ಶಿವಯೋಗೆಪ್ಪನ ಕಣ್ಣು ಚೀಟಿಯ ಕಡೆಯ ಸಾಲಿನಲ್ಲಿ ನಿಂತಿತು: ‘ಅಳಿಯಂದಿರು ನೀವೂ ಬರ್ರಿ.’ ಮಲಕಾಜಪ್ಪನವರಿಗೆ ಒಬ್ಬಳೇ ಮಗಳು, ಗುರುಬಾಯಿ, ಇನ್ನೂ ಮದುವೆಯಾಗಿಲ್ಲ. ಮೂವತ್ತೆರಡು ದಾಟಿದ ಶಿವಯೋಗೆಪ್ಪನ ಹೆಸರನ್ನು ಈರಯ್ಯನವರು ಹೋದ ತಿಂಗಳಷ್ಟೇ ಅವರ ಕಿವಿಗೆ ಹಾಕಿದ್ದರು. ಅಂದಮೇಲೆ ಈ ಅಳಿಯ ಮತ್ಯಾರು? ತಾನೇ ಎಂದುಕೊಂಡ ಬಡಪಾಯಿ.

ಬರ್ರಿ, ಕುಂದ್ರಿ, ಉಣ್ರಿ, ಹರಸ್ರಿ. ಪ್ರತಿ ಮಾತಿನ ಕೆಳಗೂ ಒಂದು ‘ರ’ ಒತ್ತು ಬೇಕು. ಮೈಸೂರಿನವರು ತಮ್ಮ ‘ಬನ್ನಿ’ಯ ಅಂದಾಜಿನಲ್ಲಿ ಆ ಒತ್ತನ್ನು ಉಪ್ಪಿನಕಾಯಿ ಬಡಿಸಿದಷ್ಟು ಕೊಟ್ಟಿದ್ದರು. ಕಡೆಯ ‘ಬರ್ರಿ’ಗೆ ಬಂದಾಗ ಖಾನೆ ಖಾಲಿ.

ಪಕ್ಕದ ಲಾಲಸಾಬನ ಪ್ರೆಸ್ಸಿಗೆ ಓಡಿದ. ಅಲ್ಲಿಯ ಒತ್ತು ದಪ್ಪ, ಈ ಸಾಲಿನಲ್ಲಿ ಕೂಡಲಿಲ್ಲ. ಒತ್ತು ಬಿಟ್ಟು ‘ಬರಿ’ ಅಂತಲೇ ಹೊಡೆ ಎಂದು ಲಾಲಸಾಬ ಸಲಹೆ ಕೊಟ್ಟ. ಹಾಗೆ ಮಾಡಿದರೆ ಕರೆದವರನ್ನು ಬರಿಗೈಲಿ ಕಳಿಸಿದಂತಾಗುತ್ತದೆ.

ಯಾರ ‘ರಿ’ ಕಿತ್ತು ಮರ್ಯಾದೆ ಕಡಿಮೆ ಮಾಡುವುದು? ಹಿರಿಯರದೇ, ಬೀಗರದೇ, ಸೋದರಮಾವಂದಿರದೇ? ಜಗಳ ಖಂಡಿತ. ಅಳಿಯನಾದರೆ ತಾನೇ, ‘ಬಾ’ ಅಂದರೂ ಹೋಗುವವನೇ. ‘ಅಳಿಯಾ, ನೀನೂ ಬಾ’ ಎಂದು ಜೋಡಿಸಿ, ಇದ್ದ ಕಾರ್ಡನ್ನೆಲ್ಲ ಸಂತೋಷದಿಂದ ಹೊಡೆದ.

ಸಂಜೆ ಮಲಕಾಜಪ್ಪನವರು ಬೆರಳಿಟ್ಟು ಓದಿದರು. ‘ಉಣ್ರಿ’ಗೆ ಬಂದಾಗ ಕಣ್ಣು ಒರೆಸಿಕೊಂಡರು. ಕಡೆಯ ಸಾಲಿಗೆ ಬೆರಳು ನಿಂತಿತು. ಶಿವಯೋಗೆಪ್ಪ ತಲೆ ತಗ್ಗಿಸಿ ಒತ್ತಿನ ಕತೆ ಹೇಳಿದ; ಅಳಿಯ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲವೆಂದೂ ಸೇರಿಸಿದ.

“ನಿನಗೇನ ಗೊತ್ತೋ ತಮ್ಮಾ? ತಿಕೋಟಾದ ಸಾಲಿ ಮಾಸ್ತರ ಅದಾರ ಅವರು. ನಿನ್ನೇನ ಗುರುಬಾಯಿ ಮದುವಿ ಮಾತು ಮುಗದೈತಿ. ಭಾಳ ಸಿಟ್ಟಿನ ಮನಷ್ಯಾ,” ಎಂದರು ಮಲಕಾಜಪ್ಪನವರು.

ಮತ್ತೆ ಹೊಡೆಯಲು ಕಾರ್ಡು ಉಳಿದಿರಲಿಲ್ಲ. ಅವರು ಸ್ವಲ್ಪ ಯೋಚಿಸಿ ಅವನ ಹೆಗಲ ಮೇಲೆ ಕೈಯಿಟ್ಟರು.

“ಇದರಾಗ ಕಡಿಮಿ ಬಿದ್ದ ರಿ ನೀನ ಹೋಗಿ ಬಾಯಿಲೆ ಹಚ್ಚಿ ಬಾರಪಾ.”

ಶಿವಯೋಗೆಪ್ಪ ತಿಕೋಟಾದ ಬಸ್ಸು ಹತ್ತಿದ. ಬಾಗಿಲು ತೆರೆದ ಮಾಸ್ತರರ ಕೈಗೆ ಕಾರ್ಡು ಕೊಟ್ಟ. ಕೈಮುಗಿದು, ‘ರ’ಕ್ಕೆ ಪೂರಾ ಒತ್ತು ಕೊಟ್ಟು ಹೇಳಿದ: “ಅಳಿಯಂದಿರು ನೀವೂ ಬರ್ರಿ.”