ಮೋಟಾರು ಮನೆಗೆ ಹೆಣ್ಣು ಕೊಟ್ಟದ್ದು

ಸಾವಿರದ ಒಂಬೈನೂರ ಎಂಬತ್ತಾರನೆಯ ಇಸವಿಯ ಮೇ ತಿಂಗಳಲ್ಲಿ ಕೊಲ್ಲಿ ಕನ್ನಡ ಬಳಗಕ್ಕೆ ಮೂವತ್ತು ಅಡಿ ಉದ್ದದ ಮೋಟಾರ್‌ಹೋಮೊಂದು ದಾನವಾಗಿ ಬಂದಿತು; ಮಂಚ, ಅಡುಗೆಮನೆ ಎಲ್ಲ ಒಳಗೇ ಇರುವ ಬಸ್ಸಿನಂಥ ಗಾಡಿ. ದಾನಿಗಳು ಸರಟೋಗಾದ ಹೆರಿಗೆ ಡಾಕ್ಟರು ಶೇಷಾದ್ರಿಯವರು. ಆ ಗಾಡಿ ಅವರ ಮನೆಯ ಮುಂದೆ ಎರಡು ವರ್ಷ ಅಲುಗಾಡದೆ ನಿಂತು, ಎದುರುಮನೆಯವರಿಗೆ ಗುಡ್ಡ ಕಾಣದಂತೆ ಮಾಡಿತ್ತು; ನಗರಸಭೆಯ ನೋಟೀಸು ಬಾಗಿಲಿಗೆ ಬಂದ ದಿನವೇ ಡಾಕ್ಟರಲ್ಲಿ ಕನ್ನಡಾಭಿಮಾನ ಉಕ್ಕಿತು. ಬಳಗ ರಸೀದಿ ಕೊಟ್ಟಿತು. ರಸೀದಿಯಲ್ಲಿ ಗಾಡಿಯ ಬೆಲೆಯನ್ನು ಡಾಕ್ಟರೇ ಬರೆದುಕೊಂಡರು, ತೆರಿಗೆಯವರಿಗೆ ತೊಂದರೆಯಾಗದಿರಲೆಂದು.

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತ ಇರುವವರ ಸಂಘವಾದ್ದರಿಂದ ಬಳಗಕ್ಕೆ ಆ ಹೆಸರು. ಮೊದಲ ಸಮಾರಂಭಕ್ಕೆ ಬೆಂಗಳೂರಿನಿಂದ ಬಂದಿದ್ದ ಅತಿಥಿಯೊಬ್ಬರು ಬ್ಯಾನರಿನಲ್ಲಿ 'ಕೊಲ್ಲಿ' ಎಂದು ಓದಿ, "ಯಾರನ್ನ?" ಎಂದು ಕೇಳಿದ್ದು ನಿಜ. ಆದರೆ ಅಷ್ಟು ಹೊತ್ತಿಗೆ ಬ್ಯಾನರಿಗೆ ದುಡ್ಡು ಕೊಟ್ಟಾಗಿತ್ತು.

ಬಳಗದ ನಿಯಮಾವಳಿಯ ವಿಷಯವನ್ನೂ ಇಲ್ಲೇ ಹೇಳಬೇಕು. ಸಂಘ ಕಟ್ಟುವಾಗ ಕನ್ನಡದಲ್ಲೇ ನಿಯಮಗಳಿರಬೇಕೆಂದು ಎಲ್ಲರೂ ಹಟ ಹಿಡಿದರು. ಬರೆಯಲು ಯಾರಿಗೂ ಪುರುಸೊತ್ತಿರಲಿಲ್ಲ. ಕಾರ್ಯದರ್ಶಿ ಜಗನ್ನಾಥರ ತಂದೆ ಮೈಸೂರಿನಲ್ಲಿ ಒಂದು ಕಲ್ಯಾಣ ಮಂಟಪದ ಮೇನೇಜರಾಗಿದ್ದವರು. ಅವರು ಅಲ್ಲಿನ ಅಚ್ಚಾದ ನಿಯಮಾವಳಿಯ ಒಂದು ಪ್ರತಿಯನ್ನು ಅಂಚೆಯಲ್ಲಿ ಕಳಿಸಿದರು. ಜಗನ್ನಾಥರು 'ಕಲ್ಯಾಣ ಮಂಟಪ' ಎಂದು ಇದ್ದಲ್ಲೆಲ್ಲ 'ಬಳಗ' ಎಂದು ತಿದ್ದಿ, ಕ್ಯಾಲಿಫೋರ್ನಿಯಾ ಸರ್ಕಾರದಲ್ಲಿ ನೋಂದಣಿ ಮಾಡಿಸಿದರು. ಹೀಗಾಗಿ ಬಳಗದ ಗೋಡೆಗೆ ಮೊಳೆ ಹೊಡೆಯಕೂಡದು. ಎಂಜಲೆಲೆಗಳನ್ನು ಬಳಗದ ಹಿಂಭಾಗದಲ್ಲೇ ಹಾಕತಕ್ಕದ್ದು. ಬಳಗವನ್ನು ಮಧ್ಯಾಹ್ನ ಮೂರು ಗಂಟೆಯೊಳಗೆ ತೊಳೆದು ಖಾಲಿ ಮಾಡಿಕೊಡತಕ್ಕದ್ದು. ಕೊನೆಯ ನಿಯಮ: ಪುಸ್ತಕದಲ್ಲಿ ಇಲ್ಲದ ವಿಷಯಕ್ಕೆ ಸಂಪ್ರದಾಯವೇ ಅಂತಿಮ. ಇಷ್ಟು ವರ್ಷ ಇದರಿಂದ ಯಾರಿಗೂ ಯಾವ ತೊಂದರೆಯೂ ಆಗಿರಲಿಲ್ಲ.

ಯೂನಿಯನ್ ಸಿಟಿಯ ವಾಸುದೇವನಿಗೆ ಮಾತ್ರ ಆಯಿತು.

ಮೋಟಾರ್‌ಹೋಮಿನಲ್ಲಿ ಕ್ಯಾಲಿಫೋರ್ನಿಯಾ ಉದ್ದಗಲಕ್ಕೂ ಕನ್ನಡ ಪ್ರಚಾರ ಮಾಡುವುದೆಂದು ಕಾರ್ಯಕಾರಿ ಸಮಿತಿ ತೀರ್ಮಾನಿಸಿತು. ಆದರೆ ಅಷ್ಟು ದೊಡ್ಡ ಗಾಡಿಯನ್ನು ಕೊತ್ತಂಬರಿ ಸೊಪ್ಪು ತರಲು ಗ್ರೋಸರಿಗೆ ಒಯ್ಯುವುದು ಕಷ್ಟ. ಅದರ ಬೆನ್ನಿಗೆ ಒಂದು ಪುಟ್ಟ ಕಾರು ಕಟ್ಟಿಕೊಂಡು ಹೋಗಬೇಕು, ಬೇಕಾದಲ್ಲಿ ಬಿಚ್ಚಿಕೊಳ್ಳಬೇಕು. ಆಟೋಮ್ಯಾಟಿಕ್ ಕಾರನ್ನು ಹಾಗೆ ಎಳೆದರೆ ಗೇರ್‌ಬಾಕ್ಸು ಕೆಡುತ್ತದೆ. ಕೈಯಲ್ಲಿ ಗೇರು ಹಾಕುವ ಕಾರೇ ಆಗಬೇಕು. ಬಳಗದವರೆಲ್ಲ ಏಳಿಗೆ ಹೊಂದಿ ಆಟೋಮ್ಯಾಟಿಕ್ಕಿಗೆ ಹೋಗಿದ್ದರು. ಹಿಂದೆ ಉಳಿದವನು ವಾಸುದೇವನೊಬ್ಬನೇ.

ಅವನ ಹತ್ತಿರ ಎಂಟು ವರ್ಷದ ಹಳೆಯ ಹಳದಿ ಜಪಾನಿ ಕಾರಿತ್ತು, ಎಂಟುನೂರು ಡಾಲರಿಗೆ ಕೊಂಡದ್ದು. ಅದನ್ನು ಅವನು ಮಗಳು ಊರ್ಮಿಳೆಗೆ ಮಾತು ಕೊಟ್ಟಿದ್ದ. ಆಗಷ್ಟೇ ಹೈಸ್ಕೂಲು ಮುಗಿಸಿದ್ದ ಅವಳಿಗೆ ಸ್ಯಾನ್ ಮಟಿಯೋದ ಒಂದು ಲ್ಯಾಬಿನಲ್ಲಿ ಬೇಸಿಗೆಯ ಮಟ್ಟಿಗೆ ಕೆಲಸ ಸಿಕ್ಕಿತ್ತು. ಸೇತುವೆ ದಾಟಿ ಹೋಗಬೇಕು. ಬಸ್ಸಿನ ಮಾತೇ ಇಲ್ಲ. ಜುಲೈ ನಾಲ್ಕರ ಸ್ವಾತಂತ್ರ್ಯ ದಿನದ ರಜೆ ಮುಗಿದೊಡನೆ ಸೇರಬೇಕು, ಕಾರಿಲ್ಲದಿದ್ದರೆ ಕೆಲಸವಿಲ್ಲ. ಜೂನಿನಲ್ಲಿ ಒಂದೆರಡು ಪ್ರವಾಸಕ್ಕೆ ತಾನೇ ಎಂದುಕೊಂಡು ವಾಸುದೇವ ಒಪ್ಪಿಬಿಟ್ಟ. ಇಲ್ಲವೆನ್ನಲು ಬಾರದ ಮನುಷ್ಯ. ಆ ಗುಣದ ಬಗ್ಗೆ ಅವನ ಹೆಂಡತಿ ಪದ್ಮಜಾಳ ಅಭಿಪ್ರಾಯವನ್ನು ಇಲ್ಲಿ ದಾಖಲಿಸುವ ಅಗತ್ಯವಿಲ್ಲ.

ಹೇವರ್ಡಿನ ಮೆಕ್ಯಾನಿಕ್ಕು ಕಾರಿನ ಕೆಳಗೆ ನುಸುಳಿ ಹೊರಬಂದು ಲೆಕ್ಕ ಹೇಳಿದ. ಮುಂದಿನ ಬಂಪರಿನ ಹಿಂದೆ ಉಕ್ಕಿನ ಪಟ್ಟಿ, ಎಳೆಯುವುದಕ್ಕೆ ಟೋ ಬಾರೆಂಬ ಕಂಬಿ, ಅದು ಕಳಚಿದರೆ ಹಿಡಿಯಲು ಎರಡು ಸರಪಳಿ, ಹಿಂದಿನ ದೀಪಗಳಿಗೆ ವೈರು, ಕೂಲಿ. ಎಲ್ಲ ಸೇರಿ ಒಂಬೈನೂರ ನಲವತ್ತು ಡಾಲರು.

"ಕಾರಿನ ಬೆಲೆಯೇ ಎಂಟುನೂರು," ಎಂದ ವಾಸುದೇವ.

"ಹಾಗಾದರೆ ಈಗ ಒಳ್ಳೆಯ ಕಾರಾಯಿತು ಅಂದುಕೊಳ್ಳಿ," ಎಂದ ಮೆಕ್ಯಾನಿಕ್ಕು.

ಖರ್ಚು ಯಾರದು ಎಂಬ ಪ್ರಶ್ನೆ ಸಮಿತಿಯ ಮುಂದೆ ಬಂತು. ಜಗನ್ನಾಥರು ಪುಸ್ತಕ ತೆರೆದು ಗಂಭೀರವಾಗಿ ಓದಿದರು: "'ಜೋಡಿಸುವ ಕಾರ್ಯದ ಸಕಲ ಖರ್ಚೂ ಹೆಣ್ಣಿನ ಕಡೆಯವರದು.'"

"ಇದರಲ್ಲಿ ಹೆಣ್ಣಿನ ಕಡೆ ಯಾರು?" ಎಂದು ವಾಸುದೇವ ಕೇಳಿದ. ಅವನಿಗೆ ಉತ್ತರ ಗೊತ್ತಾಗತೊಡಗಿತ್ತು.

ಅಧ್ಯಕ್ಷ ಬಸವಂತಪ್ಪನವರು ಹುಬ್ಬಳ್ಳಿಯವರು, ನ್ಯಾಯಕ್ಕೆ ಹೆಸರಾದವರು. "ನೋಡ್ರಿ ವಾಸುದೇವರ, ಇದರಾಗ ವಾದಾ ಏನೈತಿ? ಮುಂದ ಹೋಗಾಂವ ಗಂಡು, ಹಿಂದ ಹೋಗಾಕಿ ಹೆಣ್ಣು. ನಿಮ್ಮ ಕಾರು ಹಿಂದ ಹೋಗ್ತೈತೋ ಇಲ್ಲೋ?"

"ಹೋಗತ್ತೆ ಸಾರ್."

"ಮತ್ತ? ಹೆಣ್ಣಿನ ಕಡೆಯವರು ಸ್ವಲ್ಪ ತಗ್ಗಿ ನಡೀಬೇಕ್ರಿ."

ಹಾಗೆ ವಾಸುದೇವ ಹೆಣ್ಣಿನ ಕಡೆಯವನಾದ. ಮುಂದಿನ ಶನಿವಾರ ಗಂಡಿನ ಕಡೆಯವರು ಕಾರು ನೋಡಲು ಯೂನಿಯನ್ ಸಿಟಿಗೆ ಬಂದರು. ಪದ್ಮಜಾ ಉಪ್ಪಿಟ್ಟು, ಕೇಸರಿಬಾತು ಮಾಡಿದಳು. ಬಸವಂತಪ್ಪನವರು ಕಾರಿನ ಸುತ್ತ ಒಂದು ಸುತ್ತು ಬಂದು, ಬಾಗಿಲ ಮೇಲಿನ ತಗ್ಗನ್ನು ಬೆರಳಿಂದ ಮುಟ್ಟಿ, "ಇದೇನ್ರಿ?" ಎಂದರು. "ಹುಟ್ಟಿನಿಂದ ಬಂದಿದ್ದು," ಎಂದ ವಾಸುದೇವ. ಜಗನ್ನಾಥರು ಮೀಟರು ನೋಡಿ, ಸ್ವಲ್ಪ ಹೆಚ್ಚೇ ಓಡಾಡಿದ ಹುಡುಗಿ ಎಂದು ಬರೆದುಕೊಂಡರು. ಮನೆಗೆ ಹೋಗಿ ತಿಳಿಸುತ್ತೇವೆಂದು ಹೇಳಿ ಎದ್ದರು. ಎರಡು ಸರಪಳಿಗಳನ್ನು ವರದಿಯಲ್ಲಿ 'ಎರಡೆಳೆ ಸರ, ಒಂದು' ಎಂದು ನಮೂದಿಸಲಾಯಿತು.

ಜೂನ್ ಎರಡನೆಯ ವಾರ ಒಳ್ಳೆಯ ಮುಹೂರ್ತದಲ್ಲಿ ಕಾರನ್ನು ಮೋಟಾರ್‌ಹೋಮಿಗೆ ಜೋಡಿಸಲಾಯಿತು. ವರೋಪಚಾರವೂ ಹೆಣ್ಣಿನ ಕಡೆಯವರದೇ ಆದ್ದರಿಂದ ಮೋಟಾರ್‌ಹೋಮಿನ ಟ್ಯಾಂಕು ತುಂಬಿಸಿದವನು ವಾಸುದೇವ. ಆ ಟ್ಯಾಂಕು ತುಂಬುವುದನ್ನು ಅವನು ನೋಡುತ್ತ ನಿಂತ. ಪಂಪಿನ ಅಂಕಿಗಳು ನಿಲ್ಲುವ ಲಕ್ಷಣವೇ ಇರಲಿಲ್ಲ.

ಮೊದಲ ಪ್ರವಾಸ ಫ್ರೆಸ್ನೋಗೆ. ಅಲ್ಲಿ ಎರಡು ಕನ್ನಡ ಮನೆಗಳಿದ್ದವು; ಒಂದರವರು ಊರಿನಲ್ಲಿರಲಿಲ್ಲ. ಉಳಿದವರ ಮನೆಯಲ್ಲಿ ಸಮಿತಿಯ ಹನ್ನೊಂದು ಮಂದಿ ಎರಡು ದಿನ ಊಟ ಮಾಡಿ ಕನ್ನಡ ಪ್ರಚಾರ ಮಾಡಿದರು. ಸಾರಿಗೆ ಕೊತ್ತಂಬರಿ ಬೇಕಾಯಿತು. ವಾಸುದೇವ ಕಾರು ಬಿಚ್ಚಲು ಬಗ್ಗಿದ. ಜಗನ್ನಾಥರು ಅವನ ಕೈ ಹಿಡಿದರು.

"ಜೋಡಿಸೋದಕ್ಕೆ ನಿಯಮ ಇದೆ ವಾಸು. ಬಿಚ್ಚೋದಕ್ಕೆ ಇಲ್ಲ."

"ಸಾರ್, ಕೊತ್ತಂಬರಿ ತರೋಕೆ ತಾನೇ ಕಾರು ತಂದಿದ್ದು?"

"ಕೊತ್ತಂಬರಿಗೋಸ್ಕರ ಸಂಸಾರ ಮುರಿಯೋಕಾಗತ್ತಾ?"

ಪುಸ್ತಕವನ್ನು ಹಿಂದೆ ಮುಂದೆ ತಿರುವಿ ನೋಡಲಾಯಿತು. ಕಲ್ಯಾಣ ಮಂಟಪದವರು ಅಂಥ ಪ್ರಸಂಗವನ್ನು ಊಹಿಸಿರಲಿಲ್ಲ. ಕೊನೆಗೆ ಗಾಡಿ, ಗಾಡಿಯ ಹಿಂದೆ ಕಾರು, ಎಲ್ಲ ಸೇರಿ ಗ್ರೋಸರಿಗೆ ಹೋಗಿ ಪಾರ್ಕಿಂಗಿನ ಒಂದು ಪೂರ್ತಿ ಸಾಲು ಆಕ್ರಮಿಸಿ ನಿಂತವು. ಎರಡು ಕಟ್ಟು ಕೊತ್ತಂಬರಿ ಸಿಕ್ಕಿತು. ಮುಂದಿನ ಪ್ರವಾಸದಿಂದ ಕೊತ್ತಂಬರಿ ತರಲು ಇನ್ನೊಂದು ಕಾರು ಪ್ರತ್ಯೇಕವಾಗಿ ಹಿಂದೆ ಬರತಕ್ಕದ್ದೆಂದೂ, ಅದರ ಖರ್ಚು ಹೆಣ್ಣಿನ ಕಡೆಯವರದೆಂದೂ ಸರ್ವಾನುಮತದಿಂದ ಠರಾವಾಯಿತು.

ಜೂನ್ ಮುಗಿಯುತ್ತ ಬಂತು. ಊರ್ಮಿಳೆ ದಿನಾ ಸಂಜೆ ಬರಿದಾದ ಡ್ರೈವ್‌ವೇ ನೋಡಿ, "ಡ್ಯಾಡ್, ವೇರ್ ಈಸ್ ಮೈ ಕಾರ್?" ಎನ್ನುತ್ತಿದ್ದಳು. ವಾಸುದೇವ "ಬರತ್ತೆ ಪುಟ್ಟಿ," ಎನ್ನುತ್ತಿದ್ದ. ಮಗಳಿಗೆ ಮಾತು ಕೊಟ್ಟು ತಪ್ಪುತ್ತಿದ್ದೇನೆಂದು ಅವನಿಗೆ ನಿಜವಾಗಿ ನೋವಾಗುತ್ತಿತ್ತು. ಮಿಲ್ಪಿಟಾಸಿನಲ್ಲಿ ಮೋಟಾರ್‌ಹೋಮು ನಿಲ್ಲಿಸಿದ್ದ ಜಾಗಕ್ಕೆ ಒಂದೆರಡು ಸಲ ಹೋಗಿ, ತಂತಿ ಬೇಲಿಯ ಆಚೆಯಿಂದ ತನ್ನ ಹಳದಿ ಕಾರನ್ನು ನೋಡಿಕೊಂಡೂ ಬಂದ. ಸ್ವಲ್ಪ ಸೊರಗಿದಂತೆ ಕಂಡಿತು.

ಸರಟೋಗಾದಲ್ಲಿ ಡಾಕ್ಟರ ಮನೆಯಲ್ಲಿ ಸಮಿತಿ ಸೇರಿದ ದಿನ ಅವನು ಕಾರು ಕೇಳಿದ. ಬಸವಂತಪ್ಪನವರು ನೊಂದುಕೊಂಡರು. "ಕೊಟ್ಟ ಹೆಣ್ಣನ್ನ ಯಾರರ ವಾಪಸ್ ಕೇಳ್ತಾರೇನ್ರಿ? ಮಂದಿ ಏನಂದಾರು?"

ಚಿತ್ರಾನ್ನ ಬಡಿಸುತ್ತಿದ್ದ ಪದ್ಮಜಾ ಸೌಟನ್ನು ಪಾತ್ರೆಯಲ್ಲಿಟ್ಟಳು.

"ವಾಪಸ್ ಯಾರು ಕೇಳಿದ್ರು? ಮುಂದಿನ ವಾರದಿಂದ ಆಷಾಢ. ಹೊಸ ಸೊಸೇನ ಆಷಾಢದಲ್ಲಿ ಗಂಡನ ಮನೇಲಿ ಇಟ್ಕೊಳ್ಳೋ ಪದ್ಧತಿ ನಿಮ್ಮಲ್ಲಿದ್ಯಾ? ನಮ್ಮ ಕಡೆ ಇಲ್ಲಪ್ಪ."

ಜಗನ್ನಾಥರು ಕೊನೆಯ ನಿಯಮವನ್ನು ಓದಿದರು, ಮತ್ತೊಮ್ಮೆ ಓದಿದರು. ಸಂಪ್ರದಾಯವೇ ಅಂತಿಮ. ಬಸವಂತಪ್ಪನವರ ಮುಖ ಕೆಂಪಾಯಿತು. ಇಂಥದ್ದು ತಮಗೆ ಮೊದಲೇ ಹೊಳೆಯಲಿಲ್ಲವಲ್ಲ ಎಂದು ನಾಚಿಕೊಂಡು, ಕಾರನ್ನು ಅರಿಶಿನ ಕುಂಕುಮ ಇಟ್ಟು ಗೌರವದಿಂದ ತವರಿಗೆ ಕಳಿಸಬೇಕೆಂದು ಆಜ್ಞೆ ಮಾಡಿದರು. ಬಾನೆಟ್ಟಿನ ಮೇಲೆ ಒಂದು ರವಿಕೆ ಕಣವನ್ನೂ ಇಟ್ಟರು. ಫ್ರೀವೇಯಲ್ಲಿ ಅದು ಹಾರಿಹೋಯಿತು.

ರಜೆ ಮುಗಿದ ಸೋಮವಾರ ಬೆಳಿಗ್ಗೆ ಊರ್ಮಿಳೆ ಹಳದಿ ಕಾರಿನಲ್ಲಿ ಸ್ಯಾನ್ ಮಟಿಯೋ ಸೇತುವೆಯ ಕಡೆಗೆ ಹೊರಟಳು. ಮುಂದೆ ಉಕ್ಕಿನ ಪಟ್ಟಿ ಹೊಳೆಯುತ್ತಿತ್ತು. ಕಾರು ಬೀದಿಯ ಕೊನೆ ತಿರುಗುವವರೆಗೂ ವಾಸುದೇವ ನೋಡುತ್ತ ನಿಂತ. ಇಷ್ಟು ಸಂತೋಷ ಅವನಿಗೆ ಗ್ರೀನ್ ಕಾರ್ಡು ಬಂದಾಗಲೂ ಆಗಿರಲಿಲ್ಲ.

ಆಷಾಢ ಕಳೆಯಿತು. ಶ್ರಾವಣದ ಮೊದಲ ಭಾನುವಾರ ಗಂಡಿನ ಕಡೆಯವರು ಹೂವು ಹಣ್ಣು ಹಿಡಿದು ಸೊಸೆಯನ್ನು ಕರೆದೊಯ್ಯಲು ಬಂದರು. ಡಾಕ್ಟರೂ ಜೊತೆಗಿದ್ದರು. ಊರ್ಮಿಳೆಯ ಕೆಲಸ ಇನ್ನೂ ಮುಗಿದಿರಲಿಲ್ಲ. ಅದಾದ ಮೇಲೆ ಕಾಲೇಜಿತ್ತು.

"ಕೂತ್ಕೊಳಿ," ಎಂದಳು ಪದ್ಮಜಾ, ದನಿ ತಗ್ಗಿಸಿ. "ಈಗ ಕಳಿಸೋ ಹಾಗಿಲ್ಲ."

"ಯಾಕ್ರಿ ತಂಗಿ?"

"ಬೆಳಿಗ್ಗೆ ಎದ್ರೆ ಸಾಕು, ವಾಕರಿಕೆ. ಎಷ್ಟು ಸಲ ಸ್ಟಾರ್ಟ್ ಮಾಡಿದ್ರೂ ಉವ್ವ್ ಅನ್ನತ್ತೆ, ನಿಲ್ಲತ್ತೆ. ಮಧ್ಯಾಹ್ನದ ಹೊತ್ತಿಗೆ ಸರಿಹೋಗತ್ತೆ. ಚೊಚ್ಚಲು ಬೇರೆ. ಚೊಚ್ಚಲ ಹೆರಿಗೆ ತವರಲ್ಲೇ ಅಲ್ವಾ?"

ಎಲ್ಲರೂ ಡಾಕ್ಟರ ಕಡೆ ನೋಡಿದರು. ಮೂವತ್ತು ವರ್ಷದ ಅನುಭವವಿದ್ದ ಡಾಕ್ಟರು ಹೊರಗೆ ಹೋಗಿ, ಬಾನೆಟ್ಟಿಗೆ ಕಿವಿಗೊಟ್ಟು, ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದರು. ಬಳಗದಲ್ಲಿ ಇಷ್ಟು ವರ್ಷ ಇದ್ದು ಅವರ ವಿದ್ಯೆ ಬೇಕಾದದ್ದು ಇದೇ ಮೊದಲು. ಹಿಂತಿರುಗಿ ಬಂದು ಕೈ ತೊಳೆದುಕೊಂಡರು.

"ಗಾಬರಿ ಪಡೋ ಅಂಥದ್ದು ಏನಿಲ್ಲ. ಭಾರ ಎಳೆಯೋದು, ಎಳೆಸ್ಕೊಳ್ಳೋದು ಎರಡೂ ಬೇಡ. ದೂರದ ಪ್ರಯಾಣ ಕೂಡದು. ಆದ್ರೆ ಸುಮ್ನೆ ನಿಲ್ಲಿಸಬೇಡಿ, ದಿನಾ ಸ್ವಲ್ಪ ಓಡಾಟ ಇರ್ಲಿ. ಸ್ಯಾನ್ ಮಟಿಯೋವರೆಗೂ ಹೋಗಿ ಬರೋಷ್ಟು."

ಬಸವಂತಪ್ಪನವರ ಕಣ್ಣು ತುಂಬಿತು. ತಂದ ಹಣ್ಣನ್ನೆಲ್ಲ ಕಾರಿನ ಮುಂದಿನ ಸೀಟಿನಲ್ಲಿಟ್ಟು, "ಜ್ವಾಕಿ, ತಂಗಿ," ಎಂದು ಹೇಳಿ ಹೊರಟರು. ಅಂದಿನಿಂದ ಮೋಟಾರ್‌ಹೋಮು ಒಂಟಿಯಾಗಿ ಮಿಲ್ಪಿಟಾಸಿನಲ್ಲೇ ನಿಂತಿತು. ಕನ್ನಡ ಪ್ರಚಾರ ತಾತ್ಕಾಲಿಕವಾಗಿ ಸ್ಥಗಿತವಾದದ್ದರಿಂದ ಫ್ರೆಸ್ನೋದವರು ಬಳಗಕ್ಕೆ ಒಂದು ಅಭಿನಂದನಾ ಪತ್ರ ಬರೆದರು.

ಐದನೆಯ ತಿಂಗಳಲ್ಲಿ ಸೀಮಂತ. ಆಂಟೆನಾಕ್ಕೆ ಹಸಿರು ಬಳೆ ತೊಡಿಸಿ, ಕನ್ನಡಿಗೆ ಮಲ್ಲಿಗೆ ಮುಡಿಸಿ, ಹೆಂಗಸರು ಆರತಿ ಎತ್ತಿದರು. ಕಾಲೇಜಿನಿಂದ ಬಂದಿದ್ದ ಊರ್ಮಿಳೆ ಇದನ್ನೆಲ್ಲ ನೋಡಿ, "ಅಮ್ಮ, ದಿಸ್ ಈಸ್ ಕ್ರೇಜಿ," ಎಂದಳು. "ಕಾರು ಬೇಕೋ ಬೇಡ್ವೋ?" ಎಂದಳು ಪದ್ಮಜಾ. ಊರ್ಮಿಳೆ ತಾನೂ ಒಂದು ಆರತಿ ಎತ್ತಿದಳು.

ಮಾರ್ಚ್ ತಿಂಗಳಲ್ಲಿ ಬಳಗದಿಂದ ವಾಸುದೇವನಿಗೆ ಫೋನು ಬಂತು. ದಿನ ತುಂಬಿದ್ದನ್ನು ಲೆಕ್ಕ ಹಾಕಿದ್ದ ಜಗನ್ನಾಥರು ಏನು ಮಗು ಎಂದು ಕೇಳಿದರು. ಇಲ್ಲವೆನ್ನಲು ಬಾರದ ವಾಸುದೇವ ರಿಸೀವರು ಹಿಡಿದುಕೊಂಡು ಗ್ಯಾರೇಜಿನ ಕಡೆ ನೋಡಿದ. ಅಲ್ಲಿ ಹಳದಿ ಕಾರಿನ ಪಕ್ಕದಲ್ಲಿ, ಊರ್ಮಿಳೆ ತನ್ನ ಬೇಸಿಗೆಯ ಸಂಬಳದಲ್ಲಿ ಕೊಂಡು ಹಿಂದಿನ ದಿನವಷ್ಟೇ ತಂದಿಟ್ಟಿದ್ದ ಹೊಸ ಸೈಕಲ್ಲು ಗೋಡೆಗೆ ಒರಗಿ ನಿಂತಿತ್ತು. ಅದರ ಬಣ್ಣವೂ ಹಳದಿ.

"ಸೈಕಲ್ಲು," ಎಂದ ವಾಸುದೇವ. "ತಾಯಿ, ಮಗು ಇಬ್ಬರೂ ಕ್ಷೇಮ."

ಸಮಿತಿ ತುರ್ತುಸಭೆ ಸೇರಿ ಸಕ್ಕರೆ ಹಂಚಿತು. ಮಗುವನ್ನು ತಂದೆಯ ಬೆನ್ನಿಗೆ ಕಟ್ಟಲು ಸೈಕಲ್ ರ್‍ಯಾಕು ಬೇಕಾಗುವುದೆಂದು ಹೇವರ್ಡಿನ ಮೆಕ್ಯಾನಿಕ್ಕಿನಿಂದ ಅಂದಾಜುಪಟ್ಟಿ ತರಿಸಲಾಯಿತು. ಸೈಕಲ್ಲಿನ ಬೆಲೆ ನೂರ ಇಪ್ಪತ್ತು ಡಾಲರು, ರ್‍ಯಾಕಿಗೆ ಮುನ್ನೂರು. ಖರ್ಚು ಯಾರದೆಂದು ವಾಸುದೇವ ಕೇಳಿದ. ಜಗನ್ನಾಥರು ಅದನ್ನು ತೊಟ್ಟಿಲೆಂದು ಪರಿಗಣಿಸಿ, ಪುಸ್ತಕ ತೆರೆದು ಸಣ್ಣ ದನಿಯಲ್ಲಿ ಓದಿದರು: "'ನಾಮಕರಣದ ಸಕಲ ಖರ್ಚೂ ಗಂಡಿನ ಕಡೆಯವರದು.'"

ಬಸವಂತಪ್ಪನವರು ಜೇಬಿನಿಂದ ಚೆಕ್‌ಬುಕ್ಕು ತೆಗೆದರು. ಬರೆಯುವ ಮುಂಚೆ ಮಗುವಿನ ಮುಖದ ಬಗ್ಗೆ ಒಂದೇ ಒಂದು ಮಾತು ಕೇಳಿದರು. "ಮಾರಿ ಯಾರ ಹಂಗ ಐತ್ರಿ?"

"ತಾಯಿ ಥರ," ಎಂದ ವಾಸುದೇವ.